ಮಹಾಯುದ್ಧವೂ ಜನಜೀವನವೂ: ಅಮೇರಿಕೆ ಮತ್ತು ನಮ್ಮ ನಾಡು

(ಸಂಸ್ಥೆಯ ವಾರ್ಷಿಕ ಸ್ನೇಹಸಮ್ಮೇಲನದಲ್ಲಿ ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಸ್ನೇಹಸಮ್ಮೇಲನದ ಈ ಸಂಭ್ರಮದಲ್ಲಿ ಯುದ್ಧದ ಮಾತನ್ನೆತ್ತುವುದು ಕೆಲವರಿಗೆ ಅಸಂಗತವೆಂದು ತೋರಬಹುದು. ಆದರೆ ಈ ವಿಷಯವನ್ನು ನಾವು ಆರಿಸಿಕೊಂಡದ್ದಲ್ಲ. ನಮ್ಮ ಹತ್ತನೆಯ ಇಯತ್ತೆಯ ವಿದ್ಯಾರ್ಥಿಯೊಬ್ಬನು ಅದನ್ನು ನಮ್ಮ ಮೇಲೆ ಹೊರಿಸಿದನು. ಕೆಲವು ತಿಂಗಳ ಹಿಂದೆ ಇತಿಹಾಸದ ತಾಸಿನಲ್ಲಿ ಎರಡನೆಯ ಮಹಾಯುದ್ಧದ ಪರಿಣಾಮಗಳನ್ನು ಕುರಿತು ಪಾಠ ನಡೆದಿತ್ತು. ಆ ಯುದ್ಧದಿಂದ ಅಮೇರಿಕೆಯ ನಿರುದ್ಯೋಗವು ತೊಲಗಿತು, ಕಾರಖಾನೆಗಳು ಹಗಲಿರುಳು ನಡೆದವು, ದೇಶವು ಜಗತ್ತಿನ ಅಗ್ರಸ್ಥಾನಕ್ಕೇರಿತು ಎಂದು ನಾವು ಹೇಳಿದೆವು. ಕೂಡಲೆ ಆ ಹುಡುಗನು ಎದ್ದು ನಿಂತು ಕೇಳಿದನು: “ಗುರುಗಳೆ, ಯುದ್ಧದಿಂದ ದೇಶ ಸಿರಿವಂತವಾಗುವುದಾದರೆ ಯುದ್ಧ ಕೆಟ್ಟದ್ದೆಂದು ನಾಗರಿಕಶಾಸ್ತ್ರದ ತಾಸಿನಲ್ಲಿ ಏಕೆ ಹೇಳುತ್ತೀರಿ?”

ತರಗತಿಯು ನಕ್ಕಿತು. ನಮಗೆ ನಗು ಬರಲಿಲ್ಲ. ಪ್ರಶ್ನೆಯು ನ್ಯಾಯವಾದುದಾಗಿತ್ತು, ಕೊಡಬೇಕಾದ ಉತ್ತರವು ಒಂದು ತಾಸಿನಲ್ಲಿ ಮುಗಿಯುವಂತಹದಾಗಿರಲಿಲ್ಲ. “ಮುಂದೆ ಹೇಳುತ್ತೇವೆ” ಎಂದು ಆ ದಿನ ತಪ್ಪಿಸಿಕೊಂಡೆವು. ಶಿಕ್ಷಕನು ಹೀಗೆ ತಪ್ಪಿಸಿಕೊಂಡ ಪ್ರಶ್ನೆಯು ಸಾಲವಿದ್ದಂತೆ. ದಿನ ಕಳೆದಂತೆ ಅದಕ್ಕೆ ಬಡ್ಡಿ ಬೆಳೆಯುತ್ತದೆ. ಇಂದು ಆ ಸಾಲವನ್ನು ಎಲ್ಲರ ಸಮಕ್ಷಮದಲ್ಲಿ ತೀರಿಸುವ ಪ್ರಯತ್ನವನ್ನು ಮಾಡುತ್ತೇವೆ.

ನಮ್ಮ ಕೈಯಲ್ಲಿರುವ ಈ ಚಿಕ್ಕ ನಾಣ್ಯವನ್ನು ನೋಡಿರಿ. ಹಿಂದೆ ಕುಳಿತವರಿಗೆ ಕಾಣಲಿಕ್ಕಿಲ್ಲ. ಆಮೇಲೆ ಎಲ್ಲರ ಕೈಗೂ ಕೊಡೋಣ. ಇದು ನಮ್ಮ ಅಜ್ಜಿಯವರ ಎಲೆ-ಅಡಿಕೆಯ ಚಂಚಿಯಲ್ಲಿ ದೊರೆತ ತೂತಿನ ದುಡ್ಡು. ನಡುವೆ ದುಂಡಗೆ ದೊಡ್ಡ ತೂತು. ಸುತ್ತಲೂ ಬಳೆಯಂತಹ ಕಂಚಿನ ಅಂಚು. ಇಂತಹ ನಾಲ್ಕು ದುಡ್ಡಿಗೆ ಒಂದಾಣೆ, ಅರವತ್ತುನಾಲ್ಕಕ್ಕೆ ಒಂದು ರೂಪಾಯಿ. ಹಿರಿಯರು ಇದನ್ನು ದಾರದಲ್ಲಿ ಪೋಣಿಸಿ ಮಕ್ಕಳ ಉಡಿದಾರಕ್ಕೆ ಕಟ್ಟುತ್ತಿದ್ದರೆಂದು ಅಜ್ಜಿಯವರು ಹೇಳುತ್ತಿದ್ದರು. ಈ ತೂತು ಅಲಂಕಾರಕ್ಕಾಗಿ ಕೊರೆದುದಲ್ಲ. 1943ರಲ್ಲಿ ಸರಕಾರವು ಲೋಹವನ್ನು ಉಳಿಸುವುದಕ್ಕಾಗಿ ದುಡ್ಡಿನ ನಡುಭಾಗವನ್ನೇ ತೆಗೆದುಹಾಕಿತು. 1947ರ ವರೆಗೆ ಇಂತಹವೇ ಅಚ್ಚಾದವು. ಅದೇ 1943ರಲ್ಲಿ ಅಮೇರಿಕೆಯ ಸರಕಾರವು ತನ್ನ ಒಂದು ಸೆಂಟಿನ ನಾಣ್ಯವನ್ನು ತಾಮ್ರಕ್ಕೆ ಬದಲಾಗಿ ಸತುವಿನ ಲೇಪವುಳ್ಳ ಉಕ್ಕಿನಿಂದ ಮಾಡಿಸಿತು. ಕಾರಣ ಎರಡೂ ಕಡೆ ಒಂದೇ: ತಾಮ್ರವು ಯುದ್ಧಕ್ಕೆ ಬೇಕಾಗಿತ್ತು. ಸಾವಿರಾರು ಮೈಲು ಅಂತರದ ಎರಡು ದೇಶಗಳ ಬಡವರ ಕಿಸೆಯನ್ನು ಒಂದೇ ವರ್ಷ ಒಂದೇ ಯುದ್ಧವು ಮುಟ್ಟಿತು. ಹಾಗಿದ್ದೂ ಆ ಯುದ್ಧದ ಫಲವು ಎರಡೂ ಕಡೆ ಒಂದೇ ಆಗಲಿಲ್ಲ. ಏಕೆ ಆಗಲಿಲ್ಲವೆಂಬುದೇ ಇಂದಿನ ನಮ್ಮ ವಿಚಾರ.

ಮೊದಲು ಅಮೇರಿಕೆಯ ಸ್ಥಿತಿಯನ್ನು ನೋಡೋಣ. 1929ರಲ್ಲಿ ಅಲ್ಲಿಯ ಶೇರು ಪೇಟೆಯು ಕುಸಿದು ಮಹಾ ಆರ್ಥಿಕ ಮುಗ್ಗಟ್ಟು ತಲೆದೋರಿತು. 1933ರಲ್ಲಿ ದುಡಿಯುವ ನಾಲ್ವರಲ್ಲಿ ಒಬ್ಬನಿಗೆ ಕೆಲಸವಿರಲಿಲ್ಲ. ಕಾರಖಾನೆಗಳಿದ್ದವು, ಯಂತ್ರಗಳಿದ್ದವು, ಕಸಬು ಬಲ್ಲ ಕೈಗಳಿದ್ದವು, ಭೂಮಿಯಿತ್ತು. ಆದರೆ ಕೊಳ್ಳುವವರಿಲ್ಲದೆ ಎಲ್ಲವೂ ಸುಮ್ಮನೆ ಬಿದ್ದಿದ್ದವು. ಅಧ್ಯಕ್ಷ ಫ್ರಾಂಕ್ಲಿನ್ ರೂಜ್ವೆಲ್ಟರು ಅನೇಕ ಯೋಜನೆಗಳನ್ನು ಕೈಕೊಂಡರೂ 1940ರಲ್ಲಿ ಕೂಡ ನೂರಕ್ಕೆ ಹದಿನಾಲ್ಕಕ್ಕಿಂತ ಹೆಚ್ಚು ಜನರು ನಿರುದ್ಯೋಗಿಗಳಾಗಿಯೇ ಉಳಿದಿದ್ದರು. 1941ರ ಮಾರ್ಚದಲ್ಲಿ ಮಿತ್ರರಾಷ್ಟ್ರಗಳಿಗೆ ಯುದ್ಧಸಾಮಗ್ರಿಯನ್ನು ಒದಗಿಸುವ ಕಾನೂನು ಆಯಿತು. 1941ರ ಡಿಸೆಂಬರ 7ರಂದು ಜಪಾನವು ಪರ್ಲ್ ಹಾರ್ಬರಿನ ಮೇಲೆ ದಾಳಿ ಮಾಡಲು ಅಮೇರಿಕೆಯು ತಾನೇ ಯುದ್ಧಕ್ಕಿಳಿಯಿತು.

ಆಮೇಲಿನ ಬದಲಾವಣೆಯು ಬೆರಗುಗೊಳಿಸುವಂತಹದು. 1942ರ ಫೆಬ್ರುವರಿಯಲ್ಲಿ ಜನರ ಉಪಯೋಗದ ಮೋಟಾರುಗಳ ತಯಾರಿಕೆಯನ್ನು ನಿಲ್ಲಿಸಲಾಯಿತು. ಆ ಕಾರಖಾನೆಗಳಲ್ಲಿ ಟ್ಯಾಂಕುಗಳೂ ವಿಮಾನದ ಭಾಗಗಳೂ ತಯಾರಾಗತೊಡಗಿದವು. 1940ರಿಂದ 1945ರ ವರೆಗೆ ಆ ದೇಶವು ಸುಮಾರು 3 ಲಕ್ಷ ವಿಮಾನಗಳನ್ನು ಕಟ್ಟಿತು. 1944ರ ಹೊತ್ತಿಗೆ ನಿರುದ್ಯೋಗವು ನೂರಕ್ಕೆ ಒಂದರ ಸಮೀಪಕ್ಕಿಳಿಯಿತು. ದುಡಿಯುವ ಸ್ತ್ರೀಯರ ಸಂಖ್ಯೆಯು ಸುಮಾರು 1 ಕೋಟಿ 40 ಲಕ್ಷದಿಂದ 1 ಕೋಟಿ 90 ಲಕ್ಷಕ್ಕೇರಿತು. ಒಲೆಯ ಮುಂದಿದ್ದ ಕೈಗಳು ಬೆಸುಗೆಯ ಯಂತ್ರವನ್ನು ಹಿಡಿದವು. ದಕ್ಷಿಣದ ಹೊಲಗಳಲ್ಲಿ ದುಡಿಯುತ್ತಿದ್ದ ಕರಿಯ ಜನರು ಉತ್ತರದ ಮತ್ತು ಪಶ್ಚಿಮದ ಪಟ್ಟಣಗಳಿಗೆ ಬಂದು ನೆಲೆಸಿದರು. ರೈತನ ಆದಾಯವು ಇಮ್ಮಡಿಗೂ ಮೀರಿತು.

ಇಷ್ಟನ್ನೇ ಹೇಳಿ ನಿಲ್ಲಿಸಿದರೆ ನಮ್ಮ ವಿದ್ಯಾರ್ಥಿಯ ಪ್ರಶ್ನೆಯು ಗೆದ್ದಂತಾಗುತ್ತದೆ. ಆದರೆ ಲೆಕ್ಕದ ವಹಿಗೆ ಎರಡು ಪುಟಗಳಿರುತ್ತವೆ. ನಿರುದ್ಯೋಗವು ತೊಲಗಿದುದಕ್ಕೆ ಒಂದು ದೊಡ್ಡ ಕಾರಣವೆಂದರೆ 1 ಕೋಟಿ 60 ಲಕ್ಷ ಜನರು ಸೈನ್ಯವನ್ನು ಸೇರಿದುದು. ಅವರಲ್ಲಿ 4 ಲಕ್ಷಕ್ಕಿಂತ ಹೆಚ್ಚು ಜನರು ತಿರುಗಿ ಬರಲಿಲ್ಲ. ಸರಕಾರದ ಸಾಲವು 1940ರಲ್ಲಿ ಇದ್ದುದರ ಐದಾರು ಪಟ್ಟಾಯಿತು. 1942ರ ಫೆಬ್ರುವರಿಯ ಒಂದು ಅಧ್ಯಕ್ಷೀಯ ಆಜ್ಞೆಯ ಆಧಾರದಿಂದ ಜಪಾನೀ ವಂಶದ 1 ಲಕ್ಷಕ್ಕೂ ಹೆಚ್ಚು ಜನರನ್ನು, ಅವರಲ್ಲಿ ಬಹುಜನರು ಅಮೇರಿಕೆಯಲ್ಲಿಯೇ ಹುಟ್ಟಿ ಬೆಳೆದ ನಾಗರಿಕರು, ಮನೆ-ಅಂಗಡಿಗಳಿಂದೆಬ್ಬಿಸಿ ತಂತಿಬೇಲಿಯ ಶಿಬಿರಗಳಲ್ಲಿಡಲಾಯಿತು. ಸ್ವಾತಂತ್ರ್ಯಕ್ಕಾಗಿ ಹೋರಾಡುತ್ತಿದ್ದ ಸೈನ್ಯದಲ್ಲಿಯೇ ಬಿಳಿಯರಿಗೊಂದು ಪಂಕ್ತಿ, ಕರಿಯರಿಗೊಂದು ಪಂಕ್ತಿ ಇದ್ದವು. ಅದನ್ನು ತೊಡೆಯುವ ಆಜ್ಞೆಯು ಹೊರಟದ್ದು 1948ರಲ್ಲಿ. ಯುದ್ಧ ಮುಗಿದೊಡನೆ ಲಕ್ಷಗಟ್ಟಲೆ ಸ್ತ್ರೀಯರನ್ನು “ಇನ್ನು ಮನೆಗೆ ಹೋಗಿರಿ” ಎಂದು ಕಳುಹಿಸಲಾಯಿತು.

ಆದರೂ ಆ ದೇಶವು ಒಂದು ವಿಷಯದಲ್ಲಿ ಜಾಣತನವನ್ನು ತೋರಿಸಿತೆಂದು ಒಪ್ಪಬೇಕು. ಯುದ್ಧದ ವೆಚ್ಚದ ದೊಡ್ಡ ಪಾಲನ್ನು ಅದು ತನ್ನ ಜನರಿಂದಲೇ ಕರರೂಪವಾಗಿಯೂ ಯುದ್ಧಸಾಲಪತ್ರಗಳ ಮೂಲಕವೂ ಎತ್ತಿತು. ಸಕ್ಕರೆ, ಕಾಫಿ, ಮಾಂಸ, ಪೆಟ್ರೋಲು ಇವುಗಳಿಗೆ ಮನೆಮನೆಗೂ ರೇಶನ್ ಪುಸ್ತಕವನ್ನು ಕೊಟ್ಟಿತು; ಬೆಲೆಗಳಿಗೆ ಕಟ್ಟು ಹಾಕಿತು. ಹೀಗಾಗಿ 1939ರಿಂದ 1945ರ ವರೆಗೆ ಗ್ರಾಹಕನ ಬೆಲೆಗಳು ಅಲ್ಲಿ ಏರಿದ್ದು ಸುಮಾರು ಶೇಕಡಾ 30ರಷ್ಟು ಮಾತ್ರ.

ಇನ್ನು ನಮ್ಮ ಕಡೆಗೆ ತಿರುಗೋಣ. 1939ರ ಸಪ್ಟೆಂಬರ 3ರಂದು ವೈಸರಾಯರಾಗಿದ್ದ ಲಾರ್ಡ್ ಲಿನ್‌ಲಿತ್‌ಗೋ ಅವರು ಹಿಂದುಸ್ಥಾನವೂ ಯುದ್ಧದಲ್ಲಿದೆಯೆಂದು ಸಾರಿದರು. ಜನರಿಂದ ಆರಿಸಿಬಂದ ಯಾರನ್ನೂ ಅವರು ಕೇಳಲಿಲ್ಲ. ಅಮೇರಿಕೆಯಲ್ಲಿ ಯುದ್ಧದ ನಿರ್ಣಯವನ್ನು ಜನಪ್ರತಿನಿಧಿಗಳ ಸಭೆಯು ಮಾಡಿತು. ಇಲ್ಲಿ ಒಬ್ಬ ಅಧಿಕಾರಿಯ ಘೋಷಣೆಯು ಮಾಡಿತು. ಈ ಭೇದವನ್ನು ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು; ಮುಂದಿನದೆಲ್ಲವೂ ಇದರಿಂದಲೇ ಹೊರಟಿತು.

ಆಗ ನಮ್ಮ ಜತ್ತವು ಡಫಳೆ ಮನೆತನದ ಆಳಿಕೆಯ ಒಂದು ದೇಶೀಸಂಸ್ಥಾನ. ನೆರೆಯ ಬಿಜಾಪುರ, ಬೆಳಗಾವ, ಧಾರವಾಡ ಜಿಲ್ಲೆಗಳು ಮುಂಬಯಿ ಇಲಾಖೆಗೆ ಸೇರಿದ್ದವು. ಅತ್ತ ಮೈಸೂರು ಒಡೆಯರ ಸಂಸ್ಥಾನ. ಕನ್ನಡ ಮಾತಾಡುವ ಜನರು ಹೀಗೆ ಹಲವು ಆಳಿಕೆಗಳಲ್ಲಿ ಹಂಚಿಹೋಗಿದ್ದರು. ಆದರೆ ಧಾರಣೆಗೆ ಗಡಿಯಿಲ್ಲ. ಜೋಳದ ಬೆಲೆ ಸೊಲ್ಲಾಪುರದಲ್ಲಿ ಏರಿದರೆ ಜತ್ತದ ಸಂತೆಯಲ್ಲಿಯೂ ಏರಲೇಬೇಕು.

ಧಾರಣೆಯು ಏರಿದ ಬಗೆಯನ್ನು ಒಂದು ಹಳ್ಳಿಯ ದೃಷ್ಟಾಂತದಿಂದ ಹೇಳುತ್ತೇವೆ. ಒಂದೂರಿಗೆ ಪರಸ್ಥಳದ ಒಬ್ಬ ಸಾಹುಕಾರನು ಬರುತ್ತಾನೆ. ಜೋಳ, ಅರಿವೆ, ಚರ್ಮ, ಕಟ್ಟಿಗೆ ಎಲ್ಲವನ್ನೂ ಗಾಡಿಗಳಲ್ಲಿ ಹೇರಿಕೊಳ್ಳುತ್ತಾನೆ. ನಗದು ಕೊಡುವುದಿಲ್ಲ, “ನಿಮ್ಮ ಹಣ ನಮ್ಮೂರ ಪೇಢಿಯಲ್ಲಿ ಜಮೆಯಿದೆ, ಯುದ್ಧ ಮುಗಿದ ಮೇಲೆ ಕೊಡುತ್ತೇವೆ” ಎಂದು ಚೀಟಿ ಬರೆದುಕೊಡುತ್ತಾನೆ. ಊರ ಪಟೇಲನು ಆ ಚೀಟಿಯ ಆಧಾರದ ಮೇಲೆ ತನ್ನ ಚೀಟಿಗಳನ್ನು ಜನರಿಗೆ ಹಂಚುತ್ತಾನೆ. ಈಗ ಊರಲ್ಲಿ ಚೀಟಿಗಳು ಹೆಚ್ಚಾದವು, ಸಾಮಾನು ಕಡಿಮೆಯಾಯಿತು. ಮೊದಲು ಒಂದು ಚೀಟಿಗೆ ಬರುತ್ತಿದ್ದ ಜೋಳಕ್ಕೆ ಈಗ ಎರಡು ಚೀಟಿ ಬೇಕು, ನಾಳೆ ಮೂರು ಬೇಕು.

ನಡೆದದ್ದೂ ಹೀಗೆಯೇ. ಇಂಗ್ಲಂಡವು ತನ್ನ ಪರವಾಗಿ ಇಲ್ಲಿ ಮಾಡಿಸಿದ ವೆಚ್ಚವನ್ನು ಲಂಡನ್ನಿನಲ್ಲಿ ಪೌಂಡುಗಳ ಲೆಕ್ಕದಲ್ಲಿ ಜಮೆ ಹಿಡಿಯುತ್ತಿತ್ತು. ಅದರ ಆಧಾರದ ಮೇಲೆ ರಿಝರ್ವ ಬ್ಯಾಂಕು ಇಲ್ಲಿ ನೋಟುಗಳನ್ನು ಹೊರಡಿಸುತ್ತಿತ್ತು. ಯುದ್ಧಾರಂಭಕ್ಕೆ ಸುಮಾರು 180 ಕೋಟಿ ರೂಪಾಯಿಗಳಷ್ಟಿದ್ದ ನೋಟುಗಳು ಯುದ್ಧಾಂತ್ಯಕ್ಕೆ ಸುಮಾರು 1,200 ಕೋಟಿಯ ಸಮೀಪ ಬಂದವು. ಸಗಟು ಬೆಲೆಗಳು 1939ರ ಆಗಸ್ಟದಲ್ಲಿ 100 ಇದ್ದರೆ 1944-45ರಲ್ಲಿ 244 ಆದವು. ಲಂಡನ್ನಿನಲ್ಲಿ ನಮ್ಮ ಹೆಸರಿಗೆ ಸುಮಾರು 130 ಕೋಟಿ ಪೌಂಡು ಜಮೆಯಾಯಿತು. ಸಾಲಗಾರನಾಗಿದ್ದ ಹಿಂದುಸ್ಥಾನವು ಸಾಲ ಕೊಟ್ಟ ದೇಶವಾಯಿತೆಂದು ಅರ್ಥಶಾಸ್ತ್ರಜ್ಞರು ಬರೆದರು. ಆದರೆ ಆ ಸಾಲವನ್ನು ಕೊಟ್ಟವರು ಯಾರು? ಅರೆಹೊಟ್ಟೆ ಉಂಡ ಕೂಲಿಕಾರನು, ಹರಕು ಸೀರೆಗೆ ಗಂಟು ಹಾಕಿ ಉಟ್ಟ ತಾಯಿಯು. ಕರ ಕೊಡುವವನಿಗೆ ರಶೀತಿಯುಂಟು, ಸಾಲ ಕೊಡುವವನಿಗೆ ಪತ್ರವುಂಟು. ಬೆಲೆಯೇರಿಕೆಯ ಮೂಲಕ ಯುದ್ಧದ ವೆಚ್ಚವನ್ನು ತೆತ್ತವನಿಗೆ ಯಾವ ರಶೀತಿಯೂ ಇಲ್ಲ.

ನಾಣ್ಯದ ಕಥೆಗೆ ಇನ್ನೊಂದು ಮಾತನ್ನು ಸೇರಿಸಬೇಕು. 1940ರಲ್ಲಿ ಫ್ರಾನ್ಸವು ಸೋತಾಗ ಜನರು ಬೆದರಿ ಬೆಳ್ಳಿಯ ರೂಪಾಯಿಗಳನ್ನು ಮನೆಯಲ್ಲಿ ಹೂಳತೊಡಗಿದರು. ಸರಕಾರವು ಒಂದು ರೂಪಾಯಿಯ ನೋಟನ್ನು ಹೊರಡಿಸಿತು. ರೂಪಾಯಿಯಲ್ಲಿನ ಬೆಳ್ಳಿಯನ್ನು ಅರ್ಧಕ್ಕಿಳಿಸಿತು. ಚಿಲ್ಲರೆಯ ಅಭಾವವು ಎಷ್ಟಾಯಿತೆಂದರೆ ಕೆಲವೆಡೆ ಅಂಗಡಿಕಾರರು ಚಿಲ್ಲರೆಗೆ ಬದಲಾಗಿ ಚೀಟಿ, ಅಂಚೆಯ ತಿಕೀಟುಗಳನ್ನು ಕೊಡುತ್ತಿದ್ದರು. ಬೆಲೆಯೇರಿಕೆಯನ್ನು ತಡೆಯುವುದಕ್ಕೂ ನಾಣ್ಯಗಳಿಗೂ ಅಮೇರಿಕೆಯು 22 ಕೋಟಿ ಔನ್ಸಿಗೂ ಹೆಚ್ಚು ಬೆಳ್ಳಿಯನ್ನು ನಮಗೆ ಕಡವಾಗಿ ಕೊಟ್ಟಿತು. ಸ್ವತಂತ್ರ ಭಾರತವು ಅದನ್ನು 1957ರ ಹೊತ್ತಿಗೆ ತಿರುಗಿ ಕೊಟ್ಟಿತು.

ಹಣಕ್ಕಿಂತ ಅನ್ನದ ಕಥೆಯು ಹೆಚ್ಚು ದಾರುಣವಾದುದು. 1942ರ ಮಾರ್ಚದಲ್ಲಿ ರಂಗೂನು ಜಪಾನೀಯರ ಕೈಸೇರಿತು. ಅದರೊಡನೆ ಬರ್ಮಾದಿಂದ ವರ್ಷವರ್ಷವೂ ಬರುತ್ತಿದ್ದ ಅಕ್ಕಿಯು ನಿಂತಿತು. ರೈಲುಗಳೆಲ್ಲ ಸೈನ್ಯದ ಸೇವೆಗೆ ಮೀಸಲಾದವು. ಕಾಳು ಇದ್ದಲ್ಲಿಂದ ಇಲ್ಲದಲ್ಲಿಗೆ ಸಾಗುವುದು ದುರ್ಲಭವಾಯಿತು. ಅದೇ ವರ್ಷ ನಮ್ಮ ನೆರೆಯ ಬಿಜಾಪುರ ಜಿಲ್ಲೆಯಲ್ಲಿ ಮಳೆಯು ಕೈಕೊಟ್ಟು ಬರಗಾಲ ಬಿದ್ದಿತು. ನಮ್ಮ ಜತ್ತವೂ ಅದೇ ಮಳೆನೆರಳಿನ ಎರೆಭೂಮಿ, ಅದೇ ಬಿಳಿಜೋಳದ ಸೀಮೆ. ಇಲ್ಲಿಯ ಬಾಳು ಹೇಗಿದ್ದಿರಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಗೇವಿನ ಬಾಯಿ ತೆರೆದರೆ ತಳದ ಹುಲ್ಲು ಕಾಣಿಸಿತೆಂದು ಅಜ್ಜಿಯವರು ಹೇಳುತ್ತಿದ್ದ ಮಾತು ನಮ್ಮ ಕಿವಿಯಲ್ಲಿ ಇನ್ನೂ ಇದೆ.

ಇಲ್ಲಿ ಒಂದು ತುಲನೆಯು ಅವಶ್ಯವಾಗಿದೆ. ಬಿಜಾಪುರದಲ್ಲಿ ಕ್ಷಾಮವನ್ನು ಕ್ಷಾಮವೆಂದು ಒಪ್ಪಿಕೊಳ್ಳಲಾಯಿತು. ಮುಂಬಯಿ ಸರಕಾರವು ಕ್ಷಾಮಸಂಹಿತೆಯಂತೆ ಬರಗಾಲದ ಕಾಮಗಾರಿಗಳನ್ನು ತೆರೆಯಿತು. ಕಲ್ಲು ಒಡೆದವನಿಗೆ, ಮಣ್ಣು ಹೊತ್ತವಳಿಗೆ ಕೂಲಿ ದೊರೆಯಿತು. ಜನರು ಬಹಳ ಬವಣೆಪಟ್ಟರು, ದನಕರುಗಳನ್ನು ಕಳೆದುಕೊಂಡರು. ಆದರೆ ಮೂಕಮೃತ್ಯುವಿನ ಮಹಾಪೂರ ಬರಲಿಲ್ಲ. ಬಂಗಾಲದಲ್ಲಿ 1943ರಲ್ಲಿ ಹಾಗಾಗಲಿಲ್ಲ. ಅಲ್ಲಿಯ ಸರಕಾರವು ಕ್ಷಾಮವನ್ನು ಸಂಹಿತೆಯಂತೆ ಘೋಷಿಸಲೇ ಇಲ್ಲ. ಜಪಾನೀಯರ ಕೈಗೆ ಸಿಕ್ಕೀತೆಂಬ ಭಯದಿಂದ ಕರಾವಳಿಯ ದೋಣಿಗಳನ್ನೂ ಅಕ್ಕಿಯನ್ನೂ ಸರಕಾರವೇ ಮೊದಲು ತೆಗೆದುಹಾಕಿತ್ತು. ಯುದ್ಧದ ಕೆಲಸದ ಕಲಕತ್ತೆಗೆ ಅಕ್ಕಿ ಹರಿಯಿತು, ಹಳ್ಳಿಯ ಕೂಲಿಕಾರನಿಗೆ ಬೆಲೆ ನಿಲುಕದಾಯಿತು. ಸುಮಾರು 30 ಲಕ್ಷ ಜನರು ಸತ್ತರು. ಅದೇ ವರ್ಷ ಅಮೇರಿಕೆಯ ಸಾಮಾನ್ಯ ಜನರು ಹಿಂದೆಂದಿಗಿಂತಲೂ ಚೆನ್ನಾಗಿ ಉಣ್ಣುತ್ತಿದ್ದರು. ಒಂದೇ ಯುದ್ಧ, ಒಂದೇ ಪಕ್ಷ. ಆದರೂ ಎಷ್ಟು ಅಂತರ!

1943ರ ಮೇ ತಿಂಗಳಲ್ಲಿ ಮುಂಬಯಿ ಪಟ್ಟಣದಲ್ಲಿ ರೇಶನ್ ಪದ್ಧತಿ ಆರಂಭವಾಯಿತು. ಆಮೇಲೆ ಬೇರೆ ಪಟ್ಟಣಗಳಿಗೆ ಹಬ್ಬಿತು. ಪಟ್ಟಣಗಳಿಗೆ ಕಾಳು ಬೇಕಾದುದರಿಂದ ಮುಂಬಯಿ ಇಲಾಖೆಯ ರೈತನ ಕಣದಿಂದ ಲೇವಿಯ ಜೋಳವನ್ನು ಎತ್ತಲಾಯಿತು. ಚಿಮಣಿ ಎಣ್ಣೆ, ಸಕ್ಕರೆ, ಅರಿವೆ ಮೂರೂ ದುರ್ಲಭವಾದವು. ಕಾಗದದ ಮೇಲೆ ನಿಯಂತ್ರಣ ಬಂದುದರಿಂದ ಪತ್ರಿಕೆಗಳು ಪುಟಗಳನ್ನು ಇಳಿಸಿದವು. “ಕಾಳಸಂತೆ” ಎಂಬ ಮಾತು ಮನೆಮಾತಾದದ್ದು ಆಗಲೇ. ನಿಯಂತ್ರಣವು ಒಳ್ಳೆಯದಕ್ಕಾಗಿಯೇ ಬಂದುದಾದರೂ ಅದನ್ನು ನಡೆಸುವವರಲ್ಲಿಯೂ ಕೊಳ್ಳುವವರಲ್ಲಿಯೂ ಪ್ರಾಮಾಣಿಕತೆ ಇಲ್ಲದಿದ್ದರೆ ಅದು ಕಳ್ಳನಿಗೆ ಕೊಟ್ಟ ಕೀಲಿಕೈಯಾಗುತ್ತದೆ. ಆ ಕಾಲದಲ್ಲಿ ಅಂಟಿದ ಈ ರೋಗವು ಯುದ್ಧದೊಡನೆ ಮುಗಿಯಲಿಲ್ಲವೆಂಬುದನ್ನು ಪಾಲಕರಿಗೆ ನಾವು ಹೇಳಬೇಕಾಗಿಲ್ಲ.

ನಮ್ಮ ಪುಟದಲ್ಲಿಯೂ ಜಮೆಯ ಬದಿ ಇಲ್ಲದಿಲ್ಲ. ಸೊಲ್ಲಾಪುರದಲ್ಲಿ ಹುಟ್ಟಿದ ಉದ್ಯೋಗಪತಿ ವಾಲಚಂದ ಹಿರಾಚಂದರು 1940ರ ಡಿಸೆಂಬರದಲ್ಲಿ ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಕಾರಖಾನೆಯನ್ನು ಸ್ಥಾಪಿಸಿದರು. ಆಗ ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದರು. ತಾಂತ್ರಿಕ ಸಹಾಯವು ವಿಲಿಯಂ ಪಾಲಿ ಎಂಬ ಅಮೇರಿಕನ್ ಉದ್ಯಮಿಯದು. 1941ರಲ್ಲಿ ಅಲ್ಲಿ ಜೋಡಿಸಿದ ವಿಮಾನವು ಹಾರಿತು. ಮರುವರ್ಷ ಸರಕಾರವು ಅದರ ಆಡಳಿತವನ್ನು ವಹಿಸಿಕೊಂಡಿತು. 1943ರಲ್ಲಿ ಕಾರಖಾನೆಯು ಅಮೇರಿಕೆಯ ವಾಯುಸೇನೆಯ ಕೈಗೆ ಬಂದು ಯುದ್ಧವಿಮಾನಗಳ ದೊಡ್ಡ ದುರಸ್ತಿಯ ಕೇಂದ್ರವಾಯಿತು. ನೀರಿನ ಮೇಲಿಳಿಯುವ ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಎತ್ತಿನ ಬಂಡಿಯ ಕೀಲೆಣ್ಣೆಯನ್ನಷ್ಟೇ ಬಲ್ಲ ಕನ್ನಡದ ಹುಡುಗರು ವಿಮಾನದ ಎಂಜಿನನ್ನು ಬಿಚ್ಚಿ ಕೂಡಿಸುವುದನ್ನು ಕಲಿತರು. 1942ರಲ್ಲಿ ಬೆಂಗಳೂರಿನ ವಿಜ್ಞಾನಮಂದಿರದಲ್ಲಿ ವಿಮಾನಶಾಸ್ತ್ರದ ವಿಭಾಗವು ತೆರೆಯಿತು. ಅದೇ ಕಾರಖಾನೆಯಲ್ಲಿ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ರಚಿತವಾದ ಎಚ್‌ಟಿ-2 ಎಂಬ ಸ್ವದೇಶೀ ತರಬೇತಿ ವಿಮಾನವು 1951ರಲ್ಲಿ ಹಾರಿತು.

ನಮ್ಮ ಸಾಂಗಲಿ ಜಿಲ್ಲೆಯ ಕಿರ್ಲೋಸ್ಕರವಾಡಿಯು ನಿಮಗೆಲ್ಲ ಗೊತ್ತು. ಅದನ್ನು ಕಟ್ಟಿದ ಲಕ್ಷ್ಮಣರಾವ ಕಿರ್ಲೋಸ್ಕರರು ಬೆಳಗಾವ ಜಿಲ್ಲೆಯ ಗುರ್ಲಹೊಸೂರಿನವರು. ಅದೇ ಮನೆತನದ ಉದ್ಯಮವು 1941ರಲ್ಲಿ ತುಂಗಭದ್ರೆಯ ದಂಡೆಯ ಹರಿಹರದಲ್ಲಿ ಯಂತ್ರೋಪಕರಣಗಳ ಕಾರಖಾನೆಯನ್ನು ತೆರೆಯಿತು. ಪರದೇಶದ ಯಂತ್ರಗಳು ಬರುವುದು ನಿಂತದ್ದೇ ಸ್ವದೇಶದ ಯಂತ್ರಗಳಿಗೆ ಅವಕಾಶವಾಯಿತು. ಜಪಾನೀ ರೇಶಿಮೆಯು ನಿಂತು ಪ್ಯಾರಾಶೂಟುಗಳಿಗೆ ರೇಶಿಮೆ ಬೇಕಾದಾಗ ಮೈಸೂರಿನ ರೇಶಿಮೆ ಬೆಳೆಗಾರನಿಗೆ ಒಳ್ಳೆಯ ದಿನಗಳು ಬಂದವು. ಕಾಫಿಯ ಕಥೆಯಂತೂ ವಿಚಿತ್ರ. ಹಡಗುಗಳಿಲ್ಲದೆ ಕೊಡಗು-ಚಿಕ್ಕಮಗಳೂರಿನ ಕಾಫಿಯು ಯುರೋಪಿಗೆ ಹೋಗದೆ ಗೋದಾಮುಗಳಲ್ಲಿ ಬಿದ್ದಿತು. ಅದೇ ಹಡಗುಗಳಿಲ್ಲದೆ ಅಮೇರಿಕೆಯಲ್ಲಿ ಕಾಫಿ ಸಾಲದೆ 1942ರ ನವಂಬರದಲ್ಲಿ ರೇಶನ್ ಬಂದಿತು. ಇಲ್ಲಿ ಬೆಳೆಗಾರನನ್ನು ಉಳಿಸುವುದಕ್ಕಾಗಿ 1942ರ ಕಾನೂನಿನಂತೆ ಕಾಫಿ ಮಂಡಲಿಯು ಬಲಗೊಂಡು, ಸ್ವದೇಶದ ಪಟ್ಟಣಗಳಲ್ಲಿಯೇ ಕಾಫಿಯನ್ನು ಕುಡಿಯಿಸುವ ಏರ್ಪಾಡನ್ನು ಮಾಡಿತು. ಹೊರಗಿನ ಬಾಗಿಲು ಮುಚ್ಚಿದಾಗ ಒಳಗಿನ ಬಾಗಿಲನ್ನು ತೆರೆಯುವ ಈ ಪಾಠವು ಮರೆಯತಕ್ಕದ್ದಲ್ಲ.

ಇನ್ನು ಮನುಷ್ಯರ ಮಾತು. ಯುದ್ಧಾರಂಭಕ್ಕೆ ಸುಮಾರು ಎರಡು ಲಕ್ಷವಿದ್ದ ಹಿಂದೀ ಸೈನ್ಯವು ಕೊನೆಗೆ 25 ಲಕ್ಷ ಮೀರಿತು. ಇಲ್ಲಿ ಕಡ್ಡಾಯದ ಭರ್ತಿಯಿರಲಿಲ್ಲ. ಬೆಳಗಾವದಲ್ಲಿ ಕೇಂದ್ರವುಳ್ಳ ಮರಾಠಾ ಪಲ್ಟಣದ ಯಶವಂತ ಘಾಡಗೆಯವರು 1944ರಲ್ಲಿ, ನಾಮದೇವ ಜಾಧವರು 1945ರಲ್ಲಿ, ಇಟಲಿಯ ರಣಾಂಗಣದಲ್ಲಿ ವಿಕ್ಟೋರಿಯಾ ಕ್ರಾಸ್ ಪದಕಕ್ಕೆ ಪಾತ್ರರಾದರು. ಘಾಡಗೆಯವರು ಅದನ್ನು ನೋಡಲು ಬದುಕಿರಲಿಲ್ಲ. ಈ ಯುದ್ಧದಲ್ಲಿ ಹಿಂದೀ ಸೈನಿಕರು ಸುಮಾರು 87,000 ಜನರು ಮಡಿದರು. ಅವರ ಶೌರ್ಯಕ್ಕೆ ನಾವು ತಲೆಬಾಗುತ್ತೇವೆ. ಆದರೆ ಅವರಲ್ಲಿ ಎಷ್ಟು ಜನರನ್ನು ಶೌರ್ಯವು ಕರೆಯಿತು, ಎಷ್ಟು ಜನರನ್ನು ಮನೆಯ ಬರಿದಾದ ಹಗೇವು ದೂಡಿತು ಎಂಬುದನ್ನೂ ಯೋಚಿಸಬೇಕು. ತಿಂಗಳಿಗೊಮ್ಮೆ ಬರುವ ಮನಿಆರ್ಡರು ಆಗ ಎಷ್ಟೋ ಮನೆಗಳ ಒಲೆಯನ್ನು ಹೊತ್ತಿಸಿತು.

ಅದೇ ಕಾಲದಲ್ಲಿ ಇನ್ನೊಂದು ಸೈನ್ಯವೂ ಎದ್ದಿತ್ತು. 1942ರ ಆಗಸ್ಟದಲ್ಲಿ ಮಹಾತ್ಮರು “ಭಾರತ ಬಿಟ್ಟು ತೊಲಗಿರಿ” ಎಂದು ಕರೆಯಿತ್ತರು. ನೆರೆಯ ಸಾತಾರೆಯ ಸೀಮೆಯಲ್ಲಿ ಕ್ರಾಂತಿಸಿಂಹ ನಾನಾ ಪಾಟೀಲರ ಪ್ರತಿಸರಕಾರವು ನಡೆಯಿತು. ಅತ್ತ ಧಾರವಾಡ ಜಿಲ್ಲೆಯ ಹೊಸರಿತ್ತಿಯಲ್ಲಿ 1943ರ ಏಪ್ರಿಲ 1ರಂದು ಮೈಲಾರ ಮಹಾದೇವಪ್ಪನವರು ಗುಂಡಿಗೆ ಬಲಿಯಾದರು. ಪರರಿಗಾಗಿ ಮಾಡುವ ಯುದ್ಧದ ಭಾರವನ್ನು ಹೊತ್ತ ಜನತೆಯು ತನ್ನ ಮಾತಿಗೂ ಬೆಲೆ ಬೇಕೆಂದು ಕೇಳಿತು. ಯುದ್ಧದಿಂದ ಬಳಲಿದ ಇಂಗ್ಲಂಡಕ್ಕೆ ಆ ಕೂಗನ್ನು ಅಡಗಿಸುವ ತ್ರಾಣ ಉಳಿದಿರಲಿಲ್ಲ. 1947ರಲ್ಲಿ ದೇಶವು ಸ್ವತಂತ್ರವಾಯಿತು. 1948ರ ಮಾರ್ಚ 8ರಂದು ಜತ್ತ ಸಂಸ್ಥಾನವು ಮುಂಬಯಿ ರಾಜ್ಯದಲ್ಲಿ ವಿಲೀನವಾಯಿತು.

ಯುದ್ಧಾನಂತರ ಅಮೇರಿಕೆಯು ಮಾಡಿದ ಒಂದು ಕೆಲಸವನ್ನು ಶಿಕ್ಷಕರಾದ ನಾವು ಒತ್ತಿ ಹೇಳಬೇಕಾಗಿದೆ. ಯುದ್ಧವಿನ್ನೂ ನಡೆದಿರುವಾಗಲೇ, 1944ರ ಜೂನ 22ರಂದು, ತಿರುಗಿ ಬರುವ ಸೈನಿಕರಿಗೆ ವಿದ್ಯಾಭ್ಯಾಸದ ವೆಚ್ಚವನ್ನೂ ಮನೆಗೆ ಸಾಲವನ್ನೂ ಕೊಡುವ ಕಾನೂನನ್ನು ಅದು ಮಾಡಿತು. ಸುಮಾರು 22 ಲಕ್ಷ ಮಾಜಿ ಸೈನಿಕರು ಅದರಿಂದ ಕಾಲೇಜುಗಳನ್ನು ಸೇರಿದರು. ರೈತರ ಮಕ್ಕಳು, ಗಣಿಗಾರರ ಮಕ್ಕಳು ಎಂಜಿನಿಯರರೂ ವೈದ್ಯರೂ ಶಿಕ್ಷಕರೂ ಆದರು. ಕರಿಯ ಸೈನಿಕರಿಗೆ ಅದರ ಫಲ ಸಮನಾಗಿ ದೊರೆಯಲಿಲ್ಲವೆಂಬ ಕಲಂಕವೂ ಅದಕ್ಕಿದೆ. ಆದರೂ ಆ ದೇಶದ ಮುಂದಿನ ಏಳಿಗೆಗೆ ಮದ್ದುಗುಂಡುಗಳಿಗಿಂತ ಈ ವಿದ್ಯಾರ್ಥಿವೇತನವೇ ಹೆಚ್ಚು ಬಾಳುವ ಬುನಾದಿಯಾಯಿತೆಂದು ನಮ್ಮ ಅಭಿಪ್ರಾಯ.

ಯುದ್ಧದಲ್ಲಿ ಬೆಳೆದ ಅಮೇರಿಕೆಯ ಒಕ್ಕಲುತನವು ಶಾಂತಿಕಾಲದಲ್ಲಿ ಕೊಳ್ಳುವವರಿಗಿಂತ ಹೆಚ್ಚು ಕಾಳನ್ನು ಬೆಳೆಯಿತು. ಆ ಹೆಚ್ಚಿನ ಕಾಳನ್ನು ಪರದೇಶಗಳಿಗೆ ಕಳುಹಿಸಲು 1954ರಲ್ಲಿ ಕಾನೂನಾಯಿತು. ನಮ್ಮ ರೇಶನ್ ಅಂಗಡಿಗೆ ಅಮೇರಿಕೆಯ ಗೋದಿ ಬಂದಿತು. 1972ರ ಮಹಾಬರದಲ್ಲಿ ಪರದೇಶದ ಕೆಂಪು ಜೋಳ, “ಮಿಲೊ”, ನಮ್ಮ ಹಳ್ಳಿಗಳಿಗೂ ಬಂದಿತು. ಇಲ್ಲಿ ಕುಳಿತ ಹಿರಿಯರಲ್ಲಿ ಅದರ ರೊಟ್ಟಿಯನ್ನು ತಿಂದವರಿದ್ದಾರೆ. ರೊಟ್ಟಿ ಮುರಿಯುವಾಗ ಮನಸ್ಸೂ ಮುರಿಯುತ್ತಿತ್ತೆಂದು ಅವರೇ ನಮಗೆ ಹೇಳಿದ್ದಾರೆ. ಹಸಿದಾಗ ದೊರೆತ ಅನ್ನವನ್ನು ಹಳಿಯಬಾರದು. ಆದರೆ ನಮ್ಮ ಬಿಳಿಜೋಳದ ಸೀಮೆಯು ಪರರ ಕಾಳಿಗೆ ಕೈಯೊಡ್ಡುವಂತಾದುದನ್ನು ಮರೆಯಲೂಬಾರದು.

ಈಗ ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಜಾತ್ರೆಯ ದಿನ ಗೂಳಿಯೊಂದು ನುಗ್ಗಿ ಬೀದಿಯ ಗಡಿಗೆಗಳನ್ನೆಲ್ಲ ಒಡೆಯಿತೆನ್ನೋಣ. ಮರುದಿನ ಕುಂಬಾರನಿಗೆ ಕೈತುಂಬ ಕೆಲಸ. ಅಷ್ಟರಿಂದ ಊರು ಸಿರಿವಂತವಾಯಿತೆನ್ನಬಹುದೆ? ಕುಂಬಾರನ ತಿಗರಿಯು ಮೊದಲು ಸುಮ್ಮನೆ ನಿಂತಿದ್ದರೆ ಅದು ತಿರುಗಿದ್ದು ಒಳ್ಳೆಯದೇ. ಆದರೆ ಅದನ್ನು ತಿರುಗಿಸಲು ಗೂಳಿಯೇ ಬೇಕಾಗಿರಲಿಲ್ಲ, ಊರವರ ಒಮ್ಮನಸ್ಸು ಸಾಕಾಗಿತ್ತು. ಅಮೇರಿಕೆಯಲ್ಲಿ ಕೆಲಸವನ್ನು ಹುಟ್ಟಿಸಿದ್ದು ಸುಮ್ಮನಿದ್ದ ಯಂತ್ರಕ್ಕೂ ಸುಮ್ಮನಿದ್ದ ಕೈಗಳಿಗೂ ದೊರೆತ ಬೇಡಿಕೆಯು. ಶಾಲೆ, ಆಸ್ಪತ್ರೆ, ಕಾಲುವೆಗಳಿಗಾಗಿಯೂ ಅದೇ ನಿರ್ಧಾರದಿಂದ ಹಣ ಹೂಡಿದ್ದರೆ ಆ ಯಂತ್ರಗಳು ತಿರುಗುತ್ತಿದ್ದವು. ಮೇಲಾಗಿ ಆ ದೇಶದ ಮುಖ್ಯ ಭೂಮಿಯ ಪಟ್ಟಣಗಳ ಮೇಲೆ ಬಾಂಬುಗಳು ಬೀಳಲಿಲ್ಲ. ಗಡಿಗೆಗಳು ಒಡೆದದ್ದು ಬೇರೆಯವರ ಬೀದಿಯಲ್ಲಿ. ಎರಡು ಕೋಣಗಳು ಕಾದಿದರೆ ನಡುವಿನ ಗಿಡಕ್ಕೆ ಮಿತ್ತು ಎಂಬ ನಮ್ಮ ಗಾದೆಯಂತೆ, ಬಂಗಾಲದ 30 ಲಕ್ಷ ಜನರು ಯಾವ ರಣಾಂಗಣವನ್ನೂ ಕಾಣದೆ ಯುದ್ಧದಿಂದ ಸತ್ತರು. ಆದುದರಿಂದ, ಮಗುವೆ, ಯುದ್ಧದ ಲಾಭವನ್ನು ಓದಿದಾಗಲೆಲ್ಲ ಆ ಲಾಭದ ಬೆಲೆಯನ್ನು ತೆತ್ತವರು ಯಾರೆಂದು ಕೇಳು. ವಹಿಯ ಇನ್ನೊಂದು ಪುಟವನ್ನು ತಿರುವದೆ ಮೊತ್ತವನ್ನು ಬರೆಯಬೇಡ.

ಇದು ಹಳೆಯ ಕಥೆಯಲ್ಲ. 2022ರಲ್ಲಿ ರಶಿಯಾ ಮತ್ತು ಯುಕ್ರೇನಗಳ ನಡುವೆ ಯುದ್ಧವು ಹೊತ್ತಿದಾಗ ಸೂರ್ಯಕಾಂತಿ ಎಣ್ಣೆಯ ಬೆಲೆಯು ನಮ್ಮ ಪೇಟೆಯಲ್ಲಿಯೂ ಏರಿತು. ಆ ಎಣ್ಣೆಯ ಬಹುಪಾಲು ನಮಗೆ ಆ ಎರಡು ದೇಶಗಳಿಂದಲೇ ಬರುತ್ತಿತ್ತು. ಯುಕ್ರೇನವು ಭೂಪಟದಲ್ಲಿ ಎಲ್ಲಿದೆಯೆಂದು ತಿಳಿಯದ ತಾಯಂದಿರು ಕೂಡ ಒಗ್ಗರಣೆಯ ಸೌಟನ್ನು ಸಣ್ಣದು ಮಾಡಿದರು. ದೂರದ ಯುದ್ಧವು ಎಂದಿನಂತೆ ಅಡುಗೆಮನೆಯ ಬಾಗಿಲಿನಿಂದಲೇ ಒಳಗೆ ಬಂದಿತು.

ಪಾಲಕರಲ್ಲಿ ನಮ್ಮ ಬಿನ್ನಹವಿಷ್ಟೆ. ಬರವೂ ಬೆಲೆಯೇರಿಕೆಯೂ ಬಂದಾಗ ಮನೆಯಲ್ಲಿ ಮೊದಲು ಕಡಿತವಾಗುವುದು ಮಕ್ಕಳ ಶಾಲೆ. ಅದರಲ್ಲಿಯೂ ಹೆಣ್ಣುಮಗುವಿನ ಶಾಲೆ. ಬಿಳಿಯ ಹಾಳೆಯ ಹಾಜರಿ ಪುಸ್ತಕದಲ್ಲಿ ಆ ಖಾಲಿ ಸ್ಥಾನಗಳನ್ನು ನಾವು ಕಂಡಿದ್ದೇವೆ. ಮಹಾಯುದ್ಧದ ನಡುವೆಯೂ ಒಂದು ದೇಶವು ಮುಂದಿನ ಓದಿನ ಲೆಕ್ಕವನ್ನು ಹಾಕಿತೆಂಬುದನ್ನು ನೆನೆದು, ನಿಮ್ಮ ಮನೆಯ ಮುಗ್ಗಟ್ಟಿನ ದಿನಗಳಲ್ಲಿ ಓದನ್ನು ಕೊನೆಯವರೆಗೆ ಉಳಿಸಿರಿ. ಇದೇ ತಾಲೂಕಿನ ಗುಡ್ಡಾಪುರದ ದಾನಮ್ಮನ ಸನ್ನಿಧಿಯಲ್ಲಿ ಹಸಿದವರಿಗೆ ಇಲ್ಲವೆನ್ನದ ನಮ್ಮ ಸೀಮೆಯು ವಿದ್ಯೆಗೆ ಹಸಿದವರಿಗೂ ಇಲ್ಲವೆನ್ನದಿರಲಿ.

ವಿದ್ಯಾರ್ಥಿಗಳೆ, ಈ ತೂತಿನ ದುಡ್ಡು ಈಗ ನಿಮ್ಮ ಕೈಯಿಂದ ಕೈಗೆ ಹೋಗಲಿ. ಇದಕ್ಕೆ ಇಂದು ಸಂತೆಯಲ್ಲಿ ಏನೂ ಬರುವುದಿಲ್ಲ. ನಿಮ್ಮ ಮನೆಗಳಲ್ಲಿ ಅಜ್ಜ-ಅಜ್ಜಿಯರಿದ್ದರೆ ಇಂದು ರಾತ್ರಿ ಊಟವಾದ ಮೇಲೆ ಅವರ ಹತ್ತಿರ ಕುಳಿತು, ಬರದ ವರ್ಷದಲ್ಲಿ ಏನು ಉಂಡಿರಿ, ಹಿರಿಯರು ಏನು ಹೇಳುತ್ತಿದ್ದರು ಎಂದು ಕೇಳಿ ಬರೆದುಕೊಂಡು ಬನ್ನಿರಿ. ಚೆನ್ನಾಗಿ ಬರೆದುದನ್ನು ಮುಂದಿನ ವರ್ಷದ ಸಂಚಿಕೆಯಲ್ಲಿ ಅಚ್ಚುಮಾಡೋಣ. ಪ್ರಶ್ನೆ ಕೇಳಿದ ವಿದ್ಯಾರ್ಥಿಗೆ ನಮ್ಮ ಆಶೀರ್ವಾದಗಳು; ಅಂತಹ ಪ್ರಶ್ನೆಗಳನ್ನು ಇನ್ನೂ ಕೇಳುತ್ತಿರಲಿ.